ಅಡಿಕೆ ಸೊಕ್ಕೇ, ಎಣ್ಣೆಯ ವಿಷವೇ?

ಅಭ್ಯಾಸವಿಲ್ಲದವನು ಹಸಿ ಅಡಿಕೆ ಜಗಿದರೆ ಬಾಯಲ್ಲಿ ನೀರೂರುತ್ತದೆ, ಬೆವರು ಬರುತ್ತದೆ, ತಲೆ ತಿರುಗುತ್ತದೆ. ಅಡಿಕೆ ಸೊಕ್ಕಿತೆಂದು ನಾವು ನಗುತ್ತೇವೆ. ಆದರೆ ಮೇಡ್ಲೇರಿಯ ಕಡೆ ಹತ್ತಿಗೋ ಮೆಣಸಿನಗಿಡಕ್ಕೋ ಕೀಟನಾಶಕದ ಎಣ್ಣೆ ಹೊಡೆದು ಬಂದವನಲ್ಲಿ ಇವೇ ಚಿಹ್ನೆಗಳು ಕಂಡರೆ ನಗುವಂತಿಲ್ಲ.

ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಸಂದು ಇರುತ್ತದೆ. ಸುದ್ದಿ ಅದನ್ನು ದಾಟುವುದು ಸಾಮಾನ್ಯವಾಗಿ ರಾಸಾಯನಿಕದ ಮೂಲಕ. 1921ರಲ್ಲಿ ಓಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯೊಂದರ ಹೃದಯದ ನರವನ್ನು ಕೆರಳಿಸಿ, ಆ ಹೃದಯದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು! ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಮುಂದೆ ತಿಳಿಯಿತು. ಕೆಲಸ ಮುಗಿದೊಡನೆ ಅದನ್ನು ಒಂದು ಕಿಣ್ವ ಒಡೆದುಹಾಕುತ್ತದೆ.

ಅಡಿಕೆಯ ಅರೆಕೋಲಿನ್ ಇದೇ ಅಸಿಟೈಲ್‌ಕೋಲಿನ್‌ನ ವೇಷ ಹಾಕುತ್ತದೆ. ಸೊಕ್ಕು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಜಾತಿಯ ಎಣ್ಣೆಗಳಾದರೋ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ಸಂದಿನಲ್ಲೇ ತುಂಬಿ ನಿಂತು ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ, ಮಾಂಸಖಂಡಗಳು ಅದುರುತ್ತವೆ, ಕೊನೆಗೆ ಉಸಿರಿಗೇ ಸಂಚಕಾರ. (ನಮ್ಮ ಕಾಫಿಯೂ ಇಂಥ ಸಂದುಗಳಲ್ಲೇ ಕೆಲಸ ಮಾಡುವುದು ನಿಜ, ಆದರೆ ಬೇರೆ ಬಗೆಯಲ್ಲಿ. ಅದು ಈ ವಿಷಕ್ಕೆ ಮದ್ದಲ್ಲ.)

ಎಣ್ಣೆ ಹೊಡೆದವನು "ಅಡಿಕೆ ಸೊಕ್ಕಿದೆ" ಎಂದರೆ ನಂಬಿ ಮಲಗಿಸಬೇಡಿ. ಬಟ್ಟೆ ಕಳಚಿ, ಸೋಪುನೀರಿನಲ್ಲಿ ಮೈ ತೊಳೆದು, ತಡಮಾಡದೆ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಕೊಡುವ ಅಟ್ರೋಪಿನ್, ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನು ಮುಚ್ಚುತ್ತದೆ. ಸಿಂಪರಣೆಯ ಹೊತ್ತಿನಲ್ಲಿ ಎಲೆ‑ಅಡಿಕೆ ಬೇಡವೇ ಬೇಡ; ಕೈಗೆ ಹತ್ತಿದ ವಿಷ ಅದರೊಡನೆಯೇ ಒಳಗೆ ಹೋಗುತ್ತದೆ.