ಕಾಲುವೆಯ ಮೇಲೆ, ಕಾಲುವೆಯ ಕೆಳಗೆ

ನನ್ನ ಹುಟ್ಟೂರಿನ ಹೆಸರನ್ನು ಹೇಳಿದರೂ ವಾಚಕರಿಗೆ ಅದರಿಂದ ಪ್ರಯೋಜನವಾಗಲಾರದು. ಮಂಡ್ಯ ತಾಲ್ಲೂಕಿನಲ್ಲಿ ಮೂವತ್ತು ಒಕ್ಕಲಿನ ಒಂದು ಕೊಪ್ಪಲು ಅದು. ಹಳೆಯ ಮೈಸೂರಿನ ಕಂದಾಯದ ಲೆಕ್ಕದಲ್ಲಿ ಊರುಗಳಿಗೆ ಎರಡು ವರ್ಗ: ಅಸಲಿ, ದಾಖಲಿ. ಅಸಲಿ ಊರಿಗೆ ಪಟೇಲನಿದ್ದ, ಶಾನುಭೋಗನಿದ್ದ, ಕೆರೆಯಿತ್ತು, ಗುಡಿಯಿತ್ತು. ದಾಖಲಿ ಎಂದರೆ ಅದರ ಬಾಲ. ರೈಸ್ ಸಾಹೇಬರು 1894ರಲ್ಲಿ ಅಚ್ಚು ಹಾಕಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಶಾಸನಗಳೆಲ್ಲ ಸೇರಿವೆ, ವಿದ್ಯಾರ್ಥಿಯಾಗಿದ್ದಾಗ ಮೈಸೂರಿನಲ್ಲಿ ಆ ಸಂಪುಟವನ್ನು ಆಸೆಯಿಂದ ತಿರುವಿಹಾಕಿ, ನಮ್ಮ ಕೊಪ್ಪಲಿನ ಹೆಸರು ಕಾಣದೆ ಪೆಚ್ಚಾಗಿದ್ದೆ. ಅದರಲ್ಲಿ ರೈಸ್ ಸಾಹೇಬರ ತಪ್ಪೇನೂ ಇಲ್ಲ. ಆಗ್ಗೆ ಕೊಪ್ಪಲೇ ಹುಟ್ಟಿರಲಿಲ್ಲ.

ಹುಟ್ಟಿದ್ದು ಪ್ಲೇಗಿನಿಂದ. 1898ರಲ್ಲಿ ಆ ಮಾರಿ ಮೈಸೂರು ಸೀಮೆಯನ್ನು ಹೊಕ್ಕ ಮೇಲೆ, ಇಲಿ ಬಿದ್ದ ಊರಿನ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ರೋಗ ಇಳಿದ ಮೇಲೆ ಹೆಚ್ಚಿನವರು ಹಿಂದಿರುಗಿದರು. ನಮ್ಮ ಮುತ್ತಾತನಂಥ ಏಳೆಂಟು ಮಂದಿ ಹಿಂದಿರುಗಲಿಲ್ಲ. ಹೊಲ ಕಾಯುವುದಕ್ಕೆ ಇದೇ ಅನುಕೂಲವೆಂದು ತೋರಿತೋ, ಊರಿನಲ್ಲಿ ದಾಯಾದಿಗಳ ಕಾಟವಿತ್ತೋ, ಅಂತೂ ಗುಡಿಸಲಿಗೆ ಮಣ್ಣಿನ ಗೋಡೆ ಎದ್ದಿತು. ಬೇವಿನ ಮರದ ಕೆಳಗಣ ಒಂದು ಕಲ್ಲಿಗೆ ಅರಿಸಿನ ಕುಂಕುಮ ಬಿದ್ದಿತು. ಮಿಕ್ಕ ಎಲ್ಲದಕ್ಕೂ ಅಸಲಿ ಊರಿಗೇ ನಡೆಯಬೇಕು. ಕುಲುಮೆ ಅಲ್ಲಿ, ಅಂಗಡಿ ಅಲ್ಲಿ, ಜಾತ್ರೆ ಅಲ್ಲಿ. ಜಾತ್ರೆಯಲ್ಲಿ ವೀಳ್ಯ ಕೊಡುವಾಗ ಕೊಪ್ಪಲಿನವರ ಸರದಿ ಕೊನೆಗೆ. ಈ ಕೊನೆಯ ವೀಳ್ಯದ ವಿಷಯವಾಗಿ ನಮ್ಮ ಅಜ್ಜಿ ಸಾಯುವವರೆಗೂ ಮುನಿಸಿಕೊಂಡಿದ್ದಳು.

ಮುತ್ತಾತನ ಕಾಲಕ್ಕೆ ಎಲ್ಲವೂ ಹೊಲವೇ. ಮುಂಗಾರು ಹದವಾದರೆ ಕೂರಿಗೆಯಲ್ಲಿ ರಾಗಿ, ನಡುನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಕೊಯ್ದು, ಮೆದೆ ಹಾಕಿ, ಬಿಡುವಾದಾಗ ಕಣ ಸಾರಿಸಿ ರೋಣಗಲ್ಲು ಹಾಯಿಸುವುದು. ರಾಶಿ ಅಳೆಯುವಾಗ ಮಾತಿಲ್ಲ. ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಅಳೆದ ರಾಗಿ ಮನೆಗೆ ಬರುವುದು ವರ್ಷದ ಕೂಳಿಗೆ ಬೇಕಾದಷ್ಟು ಮಾತ್ರ, ಮಿಕ್ಕದ್ದು ಹಗೇವಿಗೆ.

ಹಗೇವೆಂದರೇನೆಂದು ಈಗಿನ ವಿದ್ಯಾರ್ಥಿಗಳಿಗೆ ತಿಳಿಯದಿರಬಹುದು. ಗಟ್ಟಿ ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಗುಡಾಣದ ಹೊಟ್ಟೆಯಂತೆ ಅಗಲಿಸಿ ತೋಡಿದ ಹಳ್ಳ. ಸುತ್ತ ಹುಲ್ಲಿನ ಹಾಸು ಕೊಟ್ಟು ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಗಾಳಿಗೂ ದಾರಿಯಿಲ್ಲ, ಹುಳುವಿಗೂ ದಾರಿಯಿಲ್ಲ. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ತೆಗೆಯುವುದೇ ಕಷ್ಟ. ಒಳಗಣ ಗಾಳಿ ವಿಷ. ಚಪ್ಪಡಿ ಸರಿಸಿ ಬಹಳ ಹೊತ್ತು ಬಿಡಬೇಕು. ಆಮೇಲೆ ಹಗ್ಗದಲ್ಲಿ ದೀಪ ಇಳಿಸಬೇಕು. ದೀಪ ಆರಿದರೆ ಆ ಹೊತ್ತು ಯಾರೂ ಇಳಿಯಕೂಡದು. ಚಿಕ್ಕಂದಿನಲ್ಲಿ ನಾನು ಅಂಚಿನಲ್ಲಿ ಬೋರಲು ಮಲಗಿ, ಆ ದೀಪ ಕೆಳಕ್ಕೆ ಹೋಗಿ ಹೋಗಿ ಒಂದು ಕಿಡಿಯಾಗುವುದನ್ನು ಉಸಿರು ಬಿಗಿಹಿಡಿದು ನೋಡಿದ್ದೇನೆ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 78ರವರೆಗೆ, ಮೈಸೂರು ಸಂಸ್ಥಾನ ಅನುಭವಿಸಿದ ನಷ್ಟವನ್ನು ಖಾನೇಷುಮಾರಿಯೇ ಹೇಳುತ್ತದೆ: 1871ರಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಜನ 1881ಕ್ಕೆ ನಲವತ್ತೆರಡು ಲಕ್ಷವೂ ಇರಲಿಲ್ಲ. ಅದನ್ನು ಕಂಡು ಉಳಿದವರ ಮಕ್ಕಳು ನಮ್ಮವರು. ಮನೆಗಿಂತ ಮೊದಲು ಹಗೇವು ತೋಡಿದರೆಂದರೆ ಆಶ್ಚರ್ಯವಿಲ್ಲ.

ಮುತ್ತಾತ ತೀರಿಕೊಂಡ ಮೇಲೆ ತಾತನೂ ಅವನ ತಮ್ಮನೂ ಪಾಲಾದರು. ದಿಣ್ಣೆಯ ಕಡೆ ಕೆಂಪು ಮಣ್ಣಿನ ಹಗೇವಿನ ಹೊಲ. ಇಳಿಜಾರಿನ ತುದಿಯಲ್ಲಿ ಜಾಲಿ ಬೆಳೆದ ಹಳ್ಳದ ಹೊಲ. ಆಯ್ಕೆ ಹಿರಿಯನದೆಂದು ಪಂಚಾಯಿತರು ಹೇಳಿದರು. ತಾತ ಮೇಲಿನದನ್ನು ತೆಗೆದುಕೊಂಡ. ಚಿಕ್ಕ ತಾತನ ಹೆಂಡತಿ ಅಂದು ಒಲೆ ಹಚ್ಚಲಿಲ್ಲವಂತೆ.

ಇದಾಗಿ ಹತ್ತು ಹದಿನೈದು ವರ್ಷಗಳಲ್ಲಿ ಕಾಲುವೆ ಬಂದಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ಇಳಿಯಿತು. ವೈಸರಾಯರ ಹೆಸರಿನಲ್ಲಿ ಇರ್ವಿನ್ ನಾಲೆಯೆಂದು ಕರೆದದ್ದೇ ಈಗಿನ ವಿಶ್ವೇಶ್ವರಯ್ಯ ನಾಲೆ. ಅದರ ಕವಲೊಂದು ನಮ್ಮ ಎಲ್ಲೆಗೆ ತಲಪುವ ಮುಂಚೆ ಸರ್ವೆಯವರು ಮಟ್ಟದ ಯಂತ್ರ ಹಿಡಿದು ಬಂದು, ಕೆಂಪು ಬಾವುಟ ನೆಟ್ಟು, ಕಲ್ಲು ಹಾಕಿಹೋದರು. ಅವರ ಗೆರೆ ಅಣ್ಣತಮ್ಮಂದಿರ ಎರಡು ಹೊಲಗಳ ನಡುವೆಯೇ ಹಾದುಹೋಯಿತು. ಗೆರೆಯ ಕೆಳಗಿನದಕ್ಕೆ ನೀರು, ಮೇಲಿನದಕ್ಕೆ ಇಲ್ಲ. ತಾತ ಇಂಜಿನಿಯರ ಬಳಿಗೆ ಎರಡು ಸಲ ಹೋಗಿ ಕೈಮುಗಿದನಂತೆ. ನೀರಿಗೆ ಹಿರಿಯ ಕಿರಿಯ ಎಂಬುದು ತಿಳಿಯುವಂತಿದ್ದರೆ ಅದು ಮೇಲೆ ಹತ್ತುತ್ತಿತ್ತೋ ಏನೋ!

1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೇಕಾಗಿತ್ತು. ಕಾಲುವೆಯ ಕೆಳಗಿನ ನೆಲವನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಪಾಲಿಗೆ ಕಬ್ಬು, ಒಂದಕ್ಕೆ ಬತ್ತ, ಒಂದಕ್ಕೆ ಕಡಿಮೆ ನೀರಿನ ಬೆಳೆ ಎಂದು ಸರದಿ ಕಟ್ಟಿದ್ದರು. ಜಾಲಿಯ ಹಳ್ಳ ಗದ್ದೆಯಾಯಿತು. ಚಿಕ್ಕ ತಾತನ ಮನೆಗೆ ಹೆಂಚು ಬಂದಿತು, ಆಲೆಮನೆ ಬಂದಿತು, ಚಳಿಜ್ವರವೂ ಬಂದಿತು. ನಮ್ಮ ಮನೆಗೆ ಬಂದದ್ದು ಓದು. ಒಣ ಹೊಲ ಇಬ್ಬರು ಮಕ್ಕಳನ್ನು ಸಾಕಲಾರದೆಂದು ತಾತ ನಮ್ಮ ತಂದೆಯನ್ನು ಶಾಲೆಗೆ ಅಟ್ಟಿದ, ತಂದೆ ಮೇಷ್ಟರಾದರು, ನಾನೂ ಆದೆ.

ಇದು ನಮ್ಮೊಂದು ಮನೆಯ ಕತೆಯೆಂದು ಬಹುಕಾಲ ನಂಬಿದ್ದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 56ರವರೆಗೆ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದು, ಅವಕ್ಕೆ ವಂಗಲ, ದಲೇನ ಎಂಬ ಕಲ್ಪಿತ ಹೆಸರಿಟ್ಟು ಬರೆದ ಗ್ರಂಥ 1962ರಲ್ಲಿ ಹೊರಬಂದಿತು. ಒಂದಕ್ಕೆ ಕಾಲುವೆಯ ನೀರು ಸಿಕ್ಕಿತು, ಇನ್ನೊಂದು ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ಬದಲಾದದ್ದು ಯಾವುದು? ನೀರು ಸಿಕ್ಕ ಊರು ಹಣ ಕಂಡರೂ ಹಳೆಯ ಜಾಡಿನಲ್ಲಿಯೇ ನಡೆಯಿತು. ನೀರು ಸಿಕ್ಕದ ಊರು ಹೊರಗಣ ಕೆಲಸ, ವ್ಯಾಪಾರಗಳನ್ನು ಹುಡುಕಿಕೊಂಡು ಹೋಗಿ ಒಳಗೆಲ್ಲ ಬೇರೆಯಾಗಿಬಿಟ್ಟಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಪದವಿಗೆ ನಾನೇ ಕಾರಣನೆಂಬ ಸಣ್ಣ ಜಂಬ ನನಗಿತ್ತು. ಆದರೆ ಮೇಲೆಯೂ ಇಲ್ಲದ, ಕೆಳಗೆಯೂ ಇಲ್ಲದ ಕೆಲವು ಮನೆಗಳು ಕೊಪ್ಪಲಿನ ಪಕ್ಕದಲ್ಲಿಯೇ ಇದ್ದವು. ಹಗೇವಿಗೆ ಇಳಿಯುತ್ತಿದ್ದವರು ಅವರು. ದೀಪ ಆರಿತೋ ಇಲ್ಲವೋ ಎಂದು ಅಂಚಿನಲ್ಲಿ ಮಲಗಿ ನೋಡುತ್ತಿದ್ದವರು ನಾವು. ಅವರಲ್ಲಿ ಕೆಲವರು ಜೀತಕ್ಕಿದ್ದರೆಂಬುದನ್ನು 1976ರ ಜೀತವಿಮುಕ್ತಿ ಕಾನೂನಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವವರೆಗೆ ನಾನು ಆ ಹೆಸರಿನಿಂದ ಯೋಚಿಸಿರಲೇ ಇಲ್ಲ.

ಗ್ರಂಥದಲ್ಲಿಲ್ಲದ ಒಂದು ಸಂಗತಿಯನ್ನು ಈಚೆಗೆ ಕೇಳಿದೆ. ಹೊಸ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ನಮ್ಮ ಕಡೆಯ ಒಣ ಹೊಲಗಳಿಗೆ ಬೆಲೆ ಬಂದಿದೆ. ಅದೇ ವರ್ಷ ಮಳೆ ಕೈಕೊಟ್ಟು, ಕಾವೇರಿಯ ವ್ಯಾಜ್ಯ ಮತ್ತೆ ಎದ್ದು, ಕಾಲುವೆಯನ್ನು ನಂಬಿದವರು ಬಾಯಿಬಾಯಿ ಬಿಟ್ಟರು. ಮುತ್ತಾತನ ಆಸ್ತಿಯ ತಕ್ಕಡಿ ಮತ್ತೊಮ್ಮೆ ವಾಲಿತು. ಬಡಾವಣೆ ಮಾಡುವವರೊಬ್ಬರು ಹಗೇವಿನ ಹೊಲವನ್ನು ಕೇಳಿದರು. ಬೆಂಗಳೂರಿನಲ್ಲಿರುವ ನನ್ನ ತಮ್ಮಂದಿರು ಒಪ್ಪಿದರು. ಚಕ್ಕುಬಂದಿ ಗುರುತಿಸಲು ನಾನು ಹೋದೆ. ಚಿಕ್ಕ ತಾತನ ಮಗ, ತೊಂಬತ್ತರ ಹತ್ತಿರದ ಚಿಕ್ಕಪ್ಪ, ಕೋಲೂರಿಕೊಂಡು ಜೊತೆಗೆ ಬಂದರು. ಆ ಹೊಲವನ್ನು ಈಗ ಉಳುತ್ತಿರುವುದೂ ಅವರ ಮೊಮ್ಮಗನೇ. ರಾಗಿ ತೆನೆಯೊಡೆದು ನಿಂತಿತ್ತು.

ಹೊಲದ ಮೂಲೆಯಲ್ಲಿ ಉಳಿದಿರುವ ಒಂದೇ ಒಂದು ಚಪ್ಪಡಿಯ ಮೇಲೆ ಕುಳಿತು ಅವರು ಹೇಳಿದರು: “ಇದು ನಿಮ್ದಲ್ಲ ಕಣ್ ಮಗ. ನಮ್ದು.”

ಆಸ್ತಿಯ ತಕರಾರೆಂದು ನಾನು ಗಾಬರಿಯಾದೆ. ವಿಷಯ ಅದಲ್ಲ. ಕಾಲುವೆ ಬಂದ ಎರಡು ಮೂರು ವರ್ಷಕ್ಕೆ ಕೆಳಗಿನ ನೆಲವೆಲ್ಲ ಜವುಳು ಹಿಡಿಯಿತಂತೆ. ಚಿಕ್ಕ ತಾತ ತೋಡಿದ ಹಗೇವಿನಲ್ಲಿ ನೀರು ಜಿನುಗಿ ರಾಗಿ ಮುಗ್ಗಿ ಹೋಯಿತು. ಕಬ್ಬಿನ ದುಡ್ಡಿದೆ, ಕಾಳು ಇಡುವುದಕ್ಕೆ ನೆಲವಿಲ್ಲ. ಆಗ ತಾತ ತಾನೇ ಹೋಗಿ ತಮ್ಮನನ್ನು ಕರೆದು, ಹಗೇವಿನ ಹೊಲದ ಮೂಲೆ ತೋರಿಸಿ, ಇಲ್ಲಿ ತೋಡಿಕೋ ಎಂದನಂತೆ. ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಧಾನ್ಯದ ಲೆವಿ ಎತ್ತುವಾಗ ಎರಡು ಮನೆಯ ರಾಗಿಯೂ ಈ ಚಪ್ಪಡಿಯ ಕೆಳಗೇ ಅಡಗಿತ್ತೆಂದು ಚಿಕ್ಕಪ್ಪ ನಕ್ಕರು. “ಪತ್ರ ಗಿತ್ರ ಏನೂ ಇಲ್ಲ. ನಿಮ್ ತಾತ ಬಾಯಲ್ಲಿ ಯೋಳಿದ್ದು ಅಷ್ಟೆ.”

ಪತ್ರ ಬರೆಯುವವನು ನಾಲ್ಕು ದಿಕ್ಕು ಕೇಳಿದ. ಪೂರ್ವಕ್ಕೆ ಇಂಥ ಸರ್ವೆ ನಂಬರು, ಪಶ್ಚಿಮಕ್ಕೆ ನಾಲೆ ಎಂದು ಹೇಳುತ್ತ ಹೋದೆ. ಹೊಲಕ್ಕೆ ಹೆಸರಿದೆಯೇ ಎಂದು ಅವನು ಕೇಳಲಿಲ್ಲ. ಆ ಕಾಗದದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ನಾನು ಇನ್ನೂ ಸಹಿ ಮಾಡಿಲ್ಲ. ಮಾಡುವುದಿಲ್ಲವೆಂದು ಹೇಳುವ ಧೈರ್ಯವೂ ಇಲ್ಲ. ತಮ್ಮಂದಿರ ಪಾಲೂ ಅದರಲ್ಲಿದೆ, ಅವರ ಮಕ್ಕಳ ಓದೂ ಇದೆ. ಚಿಕ್ಕಪ್ಪ ಬೇಡವೆಂದು ಒಂದು ಮಾತೂ ಆಡಲಿಲ್ಲ. ಹೊರಡುವಾಗ ಮಾತ್ರ, “ರಾಗಿ ಒಕ್ಕಣೆ ಆಗೋಗ್ಲಿ, ಆಮ್ಯಾಕ್ ನೋಡಾಣ. ಬರೋವಾಗ ಎಲ್ಡು ಚೀಲ ತಗಂಡ್ ಬಾ” ಎಂದರು. ಅವರ ಮೊಮ್ಮಗ ಹೊಲದ ಬದುವಿನಲ್ಲಿ ಅರ್ಧ ಹೂತಿದ್ದ ರೋಣಗಲ್ಲನ್ನು ಹಾರೆಯಿಂದ ಮೀಟುತ್ತಿದ್ದ.