ವೇಷ ಬಡವಾದರೇನು?

ನಗುವುದಕ್ಕೆಂದೇ ಜನ ಹುಡುಕಿಕೊಂಡು ಹೋಗಿ ನೋಡುವ ಚಿತ್ರಗಳುಂಟು. 1953ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ರೋಬಾಟ್ ಮಾನ್‌ಸ್ಟರ್’ ಅಂಥವುಗಳಲ್ಲಿ ಅಗ್ರಗಣ್ಯವಾದುದು. ಅತಿ ಕಳಪೆ ಚಿತ್ರಗಳ ಮಾತು ಬಂದಾಗಲೆಲ್ಲ ಅದರ ಹೆಸರು ಬಂದೇ ಬರುತ್ತದೆ. ಆದರೂ ಎಪ್ಪತ್ತು ವರ್ಷಗಳು ಕಳೆದ ಮೇಲೂ ಅದನ್ನು ಪ್ರೀತಿಯಿಂದ ನೋಡುವವರಿದ್ದಾರೆ. ಇದರ ಮರ್ಮವೇನು?

ನಿರ್ದೇಶಕ ಫಿಲ್ ಟಕರ್ ಆಗ ಇಪ್ಪತ್ತೈದರ ಆಸುಪಾಸಿನ ತರುಣ. ಕೈಯಲ್ಲಿದ್ದ ಹಣ ಸುಮಾರು 16,000 ಡಾಲರ್ ಎಂಬುದು ಪ್ರಚಲಿತವಾದ ಲೆಕ್ಕ. ಕಥೆಗೆ ಅನ್ಯಗ್ರಹದ ಯಂತ್ರಮಾನವನೊಬ್ಬ ಬೇಕು. ಅವನ ಉಡುಪನ್ನು ಮಾಡಿಸಲು ಹಣವಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತದ ಗೊರಿಲ್ಲಾ ವೇಷವಿತ್ತು. ಅದರ ತಲೆಯ ಮೇಲೆ, ಕಡಲಲ್ಲಿ ಮುಳುಗುವವರು ತೊಡುವಂಥ ಶಿರಸ್ತ್ರಾಣವನ್ನು ಕೂರಿಸಿ ಏರಿಯಲ್ ಕಡ್ಡಿಗಳನ್ನು ಸಿಕ್ಕಿಸಿದ್ದಾಯಿತು. ಯಂತ್ರಮಾನವ ಸಿದ್ಧನಾದ! ಲಾಸ್ ಏಂಜಲೀಸಿನ ಬ್ರಾನ್ಸನ್ ಕಣಿವೆಯ ಗುಹೆಯೇ ಅವನ ಬಿಡಾರ. ಗುಳ್ಳೆಗಳನ್ನು ಉಗುಳುವ ಪುಟ್ಟ ಯಂತ್ರವೇ ಅವನ ವಿಜ್ಞಾನಸಾಮಗ್ರಿ. ನಾಲ್ಕೇ ದಿನಗಳಲ್ಲಿ ಚಿತ್ರೀಕರಣ ಮುಗಿಯಿತು.

ಇದನ್ನು ಕಂಡು ನಗು ಬರುವುದು ಸಹಜ. ಆದರೆ ಕಥೆಯನ್ನಷ್ಟು ಕೇಳಿ. ಮಾನವಕುಲವೆಲ್ಲ ನಾಶವಾಗಿ ಎಂಟೇ ಮಂದಿ ಉಳಿದಿದ್ದಾರೆ. ಅವರನ್ನೂ ಮುಗಿಸಬೇಕೆಂದು ಈ ‘ರೋ-ಮ್ಯಾನ್’ಗೆ ಒಡೆಯನ ಅಪ್ಪಣೆ. ಅವರಲ್ಲೊಬ್ಬಳಾದ ಆಲಿಸ್ ಎಂಬ ತರುಣಿಯ ಮೇಲೆ ಅವನಿಗೆ ಮನಸ್ಸಾಗುತ್ತದೆ. ಕೊಲೆಗಡುಕನಾದರೂ ಅವನು ಅಪ್ಪಣೆಗೂ ಅಂತರಂಗಕ್ಕೂ ನಡುವೆ ಸಿಕ್ಕಿ ತೊಳಲುತ್ತಾನೆ. 1952ರ ನವೆಂಬರ್ 1ರಂದು ಅಮೆರಿಕ ಜಲಜನಕ ಬಾಂಬನ್ನು ಸ್ಫೋಟಿಸಿ ಆಗಿನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಅಪ್ಪಣೆಯಾದೊಡನೆ ಲೋಕವನ್ನೇ ಸುಡಬಲ್ಲ ಕೈಗಳಿಗೆ ಹೃದಯವೂ ಇದ್ದೀತೇ ಎಂಬುದು ಅಂದಿನ ಪ್ರೇಕ್ಷಕರಿಗೆ ಹುಡುಗಾಟದ ಪ್ರಶ್ನೆಯಾಗಿರಲಿಲ್ಲ. ಸಂಗೀತ ನೀಡಿದ ಎಲ್ಮರ್ ಬರ್ನ್‌ಸ್ಟೀನ್ ಕೂಡ ಅದನ್ನು ಹುಡುಗಾಟವೆಂದು ಎಣಿಸಲಿಲ್ಲ. 1956ರ ‘ದಿ ಟೆನ್ ಕಮ್ಯಾಂಡ್‌ಮೆಂಟ್ಸ್’ ಎಂಬ ಅದ್ದೂರಿಯ ಚಿತ್ರಕ್ಕೆ ಸಂಗೀತ ರಚಿಸಿದ ಆತನೇ ಈ ಗೊರಿಲ್ಲಾ ವೇಷಧಾರಿಗೂ ಶ್ರದ್ಧೆಯಿಂದ ವಾದ್ಯಗಳನ್ನು ನುಡಿಸಿದ.

ಟಕರ್‌ನ ಪಾಡು ಮಾತ್ರ ನಗುವಂಥದಲ್ಲ. ಅದೇ ವರ್ಷದ ಕೊನೆಯಲ್ಲಿ ಆತ ಹತಾಶನಾಗಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಪುಣ್ಯಕ್ಕೆ ಉಳಿದುಕೊಂಡು 1985ರವರೆಗೆ ಬದುಕಿದ.

ಹಣವಂತರ ಚಿತ್ರಗಳಲ್ಲಿ ಕೈಚಳಕವು ಕೈಯನ್ನೇ ಮರೆಸಿಬಿಡುತ್ತದೆ. ಇಲ್ಲಿ ವೇಷದ ಬಡತನದೊಳಗಿಂದ ಮಾಡಿದವನ ಆಸೆ ಇಣುಕುತ್ತದೆ. ಕೊರತೆಯನ್ನು ನಮ್ಮ ಕಲ್ಪನೆ ತುಂಬಿಕೊಡುತ್ತದೆ. ವಾಚಕರು ಈ ಚಿತ್ರವನ್ನು ನೋಡಿದರೆ ನಗಲಿ, ಬೇಡವೆಂದವರಾರು? ಆದರೆ ಆ ನಗೆಯ ಒಂದು ಮೂಲೆಯಲ್ಲಿ, ಬರಿಗೈಯಲ್ಲಿ ಲೋಕಾಂತರವನ್ನು ಕಟ್ಟಹೊರಟ ಆ ತರುಣನಿಗೂ ಕೊಂಚ ಸ್ಥಳವಿರಲಿ.