ಹಿಟ್ಟಿನ ಕೋಳಿ, ಚಿತ್ರದ ಹಕ್ಕಿ

ಹೊಳಲ್ಕೆರೆಯ ನಮ್ಮ ಅಡುಗೆಮನೆಯ ಕಿಟಕಿ ಹಿತ್ತಲಿನ ಕಡೆಗಿದೆ. ಹೊರಗೆ ಒಂದು ನುಗ್ಗೆಮರ, ದಾಸವಾಳದ ಗಿಡ, ಚಪ್ಪರದವರೆಯ ಬಳ್ಳಿ, ಕಲ್ಲಿನ ಮೇಲೆ ನೀರು ತುಂಬಿದ ಮಣ್ಣಿನ ಬೋಗುಣಿ. ನಮ್ಮ ದುರ್ಗದ ಸೀಮೆಯಲ್ಲಿ ಮಳೆ ಕಡಿಮೆ; ಬಂಡೆಗಳು ಕಾದು ನಿಂತ ಮಧ್ಯಾಹ್ನಗಳಲ್ಲಿ ಆ ಬೋಗುಣಿಗೆ ಗೊರವಂಕ, ಪಿಕಳಾರ, ಹರಟೆಮಲ್ಲಗಳೆಲ್ಲ ಬರುತ್ತವೆ. ನಿವೃತ್ತಿಯಾದ ಮೇಲೆ ಕಿಟಕಿಯ ಗಾಜಿನ ಹಿಂದೆ ಕುಳಿತು ಅವುಗಳ ಚಿತ್ರ ತೆಗೆಯುವುದು ನನಗೆ ಅಭ್ಯಾಸವಾಯಿತು. ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೆಸರುಗಳನ್ನು ಕಲಿತೆ.

ಕಿಟಕಿಯ ಹಿಂದಿನಿಂದ ನೋಡುವುದರಲ್ಲಿ ಒಂದು ಸೊಗಸಿದೆ. ಕೋಣೆಯ ದೀಪ ಆರಿಸಿ, ಕ್ಯಾಮೆರಾದ ಮಸೂರವನ್ನು ಗಾಜಿಗೆ ಒತ್ತಿ ಹಿಡಿದರೆ ಪ್ರತಿಬಿಂಬ ಕಾಣದು. ನಾವಿರುವುದು ಹಕ್ಕಿಗೆ ತಿಳಿಯದು. ಅದರ ಸ್ನಾನಕ್ಕೆ, ಆಹಾರಕ್ಕೆ ಅಡ್ಡಿಯಿಲ್ಲ. ಜೀವದ ಲಕ್ಷಣ ಉಪಯೋಗ, ಅದು ಜ್ಞಾನ ಮತ್ತು ದರ್ಶನವೆಂದು ಎರಡು ಬಗೆ ಎನ್ನುತ್ತದೆ ನಮ್ಮ ಶಾಸ್ತ್ರ. ಹಿಡಿಯುವ ಆಸೆಯಿಲ್ಲದೆ ಬರಿದೇ ನೋಡುವುದು, ಅರಿಯುವುದು ಆತ್ಮನ ಸ್ವಭಾವವೇ ಆಗಿದೆ. ಹೀಗೆ ನನಗೆ ನಾನೇ ಹೇಳಿಕೊಂಡು ಸಂತೋಷಪಡುತ್ತಿದ್ದೆ. ಆ ಸಂತೋಷದೊಳಗೆ ಮೈಮರೆವೂ ಸೇರಿಕೊಂಡಿತ್ತೆಂದು ತಿಳಿದದ್ದು ಒಂದು ದಶಲಕ್ಷಣ ಪರ್ವದ ದಿನಗಳಲ್ಲಿ.

ಅಂದು ಬೋಗುಣಿಯ ಅಂಚಿನಲ್ಲಿ ಒಂದು ಗೊರವಂಕ ಬಂದು ಕುಳಿತಿತು. ಎಳೆಬಿಸಿಲು, ಕಣ್ಣಿನ ಸುತ್ತಲಿನ ಹಳದಿ ಚರ್ಮ, ಕೊಕ್ಕಿನ ತುದಿಯಲ್ಲಿ ನೀರಹನಿ; ಎಲ್ಲವೂ ಚೆನ್ನಾಗಿ ಮೂಡಿದವು. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಅದರ ಬಲಗಾಲಿಗೆ ಹಸಿರು ನೈಲಾನ್ ದಾರ ಸುತ್ತಿಕೊಂಡಿತ್ತು. ದಾರದ ಕೆಳಗಿನ ಬೆರಳುಗಳು ಊದಿದ್ದವು. ಅಷ್ಟು ಒಳ್ಳೆಯ ಚಿತ್ರಕ್ಕೆ ಇದೊಂದು ಕುಂದು ಎನಿಸಿತು. ಮೊಬೈಲಿನಲ್ಲಿ ಬೆರಳಿನಿಂದ ಎರಡು ಬಾರಿ ಸವರಿದೆ, ದಾರ ಮಾಯವಾಯಿತು. ಊದಿದ ಬೆರಳನ್ನೂ ನಯಗೊಳಿಸಿದೆ. ಕೆಳಗೆ ‘ಜೀವದಯೆ’ ಎಂದು ಬರೆದು ಪರ್ವದ ಶುಭಾಶಯವಾಗಿ ಬಂಧುಗಳಿಗೆಲ್ಲ ಕಳಿಸಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳಿಂದ ಮೆಚ್ಚುಗೆಗಳು ಬಂದವು.

ಸಂಜೆ ಮನೆಯವರಿಗೆ ಎರಡೂ ಚಿತ್ರಗಳನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಚಿತ್ರದಿಂದ ದಾರ ತೆಗೆದಿರಿ, ಸರಿ. ಕಾಲಿನಿಂದ ಯಾರು ತೆಗೆಯುತ್ತಾರೆ?” ಎಂದರು. ಮತ್ತೆ ಕಿಟಕಿಯ ಆಚೆಗೆ ಕೈ ತೋರಿಸಿ, “ಆ ದಾರ ನಮ್ಮ ಚಪ್ಪರದ್ದೇ ಅಲ್ಲವೇನ್ರೀ?” ಎಂದರು.

ನಿಜ. ಅವರೆಯ ಬಳ್ಳಿ ಹಬ್ಬಿಸಲು ನಾನೇ ಕಟ್ಟಿದ ದಾರ. ಕತ್ತರಿಸಿದ ತುಂಡುಗಳು ಬುಡದಲ್ಲಿ ಬಿದ್ದೇ ಇದ್ದವು.

ಪ್ರಮಾದದಿಂದ ಪ್ರಾಣಗಳಿಗೆ ಉಂಟಾಗುವ ಘಾತವೇ ಹಿಂಸೆ ಎಂಬುದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕೊಟ್ಟ ಲಕ್ಷಣ. ದಾರದ ತುಂಡುಗಳನ್ನು ಎತ್ತಿಹಾಕದೆ ಬಿಟ್ಟದ್ದು ಪ್ರಮಾದ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯ ತಪ್ಪು. ಗೃಹಸ್ಥನ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಒಂದು. ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿದ ನಾನು ಇದನ್ನು ಸಾಲಪತ್ರ, ಲೆಕ್ಕದ ಪುಸ್ತಕಗಳಿಗೆ ಮಾತ್ರ ಅನ್ವಯಿಸಿಕೊಂಡಿದ್ದೆ. ಇಂದು ಚಿತ್ರವೂ ಒಂದು ದಾಖಲೆಯೇ. ನನ್ನ ತಪ್ಪಿನ ಗುರುತನ್ನು ಅಳಿಸಿ, ಅದರ ಮೇಲೆ ದಯೆಯ ಹೆಸರು ಬರೆದದ್ದು ಕೂಟಲೇಖವಲ್ಲದೆ ಮತ್ತೇನು?

ಇಲ್ಲಿ ಜನ್ನ ಕವಿಯ ‘ಯಶೋಧರ ಚರಿತೆ’ ನೆನಪಾಗುತ್ತದೆ. 1209ರಲ್ಲಿ ರಚಿತವಾದ ಈ ಕಾವ್ಯದಲ್ಲಿ ಯಶೋಧರ ತಾನು ಕಣ್ಣಾರೆ ಕಂಡದ್ದನ್ನು ತಾಯಿಯ ಮುಂದೆ ಕನಸೆಂದು ಮರೆಮಾಚುತ್ತಾನೆ. ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡಬೇಕೆನ್ನುತ್ತಾಳೆ ತಾಯಿ ಚಂದ್ರಮತಿ. ಜೀವವನ್ನು ಕೊಲ್ಲಲೊಲ್ಲದ ಮಗ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ತಾಯಿ ಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ಹುಟ್ಟಿ ನರಳಿದರು. ಹಿಟ್ಟಿಗೆ ಜೀವವಿರಲಿಲ್ಲ, ಸಂಕಲ್ಪಕ್ಕೆ ಇತ್ತು. ‘ಬರಿಯ ಚಿತ್ರ ತಾನೆ’ ಎನ್ನುವವರು ‘ಬರಿಯ ಹಿಟ್ಟು ತಾನೆ’ ಎಂದ ಆ ತಾಯಿ ಮಗನನ್ನು ನೆನೆಯಬೇಕು. ಆ ದುರಂತ ಮೊದಲಾದದ್ದು ಕತ್ತಿಯಿಂದಲ್ಲ, ಕಂಡದ್ದನ್ನು ಬೇರೆಯಾಗಿ ಹೇಳಿದ ಒಂದು ಮಾತಿನಿಂದ.

ಹಾಗಾದರೆ ಚಿತ್ರವನ್ನು ತಿದ್ದುವುದೇ ತಪ್ಪೇ? ನನಗೆ ಹಾಗೆನಿಸುವುದಿಲ್ಲ. ಗಂಡು ಸೂರಕ್ಕಿಯನ್ನು ನೋಡಿ. ನೆರಳಿನಲ್ಲಿ ಅದು ಕಪ್ಪು. ಬಿಸಿಲಿಗೆ ತಿರುಗಿದೊಡನೆ ನೀಲಿ, ನೇರಳೆಯಾಗಿ ಹೊಳೆಯುತ್ತದೆ. ಆ ಹೊಳಪು ಗರಿಯ ಸೂಕ್ಷ್ಮ ರಚನೆಯಿಂದ ಬೆಳಕು ಚದುರಿ ಬರುವಂಥದ್ದು. ಆದ್ದರಿಂದ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಕಪ್ಪೆಂಬುದೂ ನಿಜ, ನೀಲಿಯೆಂಬುದೂ ನಿಜ. ಅನೇಕಾಂತವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ನನಗೆ ಸಿಕ್ಕಿಲ್ಲ. ನೆರಳಿನಲ್ಲಿ ಮಂಕಾದ ಚಿತ್ರಕ್ಕೆ ತುಸು ಬೆಳಕು ಕೂಡಿಸುವುದು, ಓರೆಯಾದದ್ದನ್ನು ನೇರಗೊಳಿಸುವುದು, ಅಂಚು ಕತ್ತರಿಸುವುದು ಇವೆಲ್ಲ ಇದ್ದುದನ್ನು ಒಂದು ಕಡೆಯಿಂದ ಕಾಣಿಸುವ ನಯಗಳು. ಇಲ್ಲದ್ದನ್ನು ಸೇರಿಸುವುದಕ್ಕೂ ಇದ್ದುದನ್ನು ಅಳಿಸುವುದಕ್ಕೂ ಅನೇಕಾಂತದ ಹೆಸರು ಹೇಳಲಾಗದು. ಲೌಕಿಕರೂ ಈ ಗೆರೆಯನ್ನು ಕಾಯುತ್ತಾರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದ ಒಂದು ಚಿತ್ರವನ್ನು 2018ರಲ್ಲಿ ಅನರ್ಹಗೊಳಿಸಿದರು. ಅದರಲ್ಲಿದ್ದ ಇರುವೆಭಕ್ಷಕ ಜೀವಂತ ಪ್ರಾಣಿಯಲ್ಲ, ತುಂಬಿಟ್ಟ ಮಾದರಿ ಎಂದು ತಜ್ಞರು ತೀರ್ಮಾನಿಸಿದ್ದರು.

ಸತ್ಯದ ಇನ್ನೊಂದು ಮಗ್ಗುಲೂ ಇದೆ. ಮತ್ತೊಬ್ಬರಿಗೆ ವಿಪತ್ತು ತರುವ ನಿಜವನ್ನೂ ಶ್ರಾವಕ ಆಡಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಗೂಡಿನ ಚಿತ್ರ ಹಾಕಿ, ಇಂಥ ಊರಿನ ಇಂಥ ಮರವೆಂದು ತಿಳಿಸುವುದು ಸತ್ಯವೇ ಇರಬಹುದು. ಅದನ್ನು ಅರಸಿ ನಾಲ್ಕು ಜನ ಬಂದರೆ ತಾಯಿಹಕ್ಕಿ ಮೊಟ್ಟೆ ಬಿಟ್ಟು ಹೋದೀತು. ಏಕಾಂತದ ವಿಷಯವನ್ನು ಬಯಲು ಮಾಡುವ ‘ರಹೋಭ್ಯಾಖ್ಯಾನ’ವೂ ಸತ್ಯವ್ರತದ ಅತಿಚಾರವೇ. ದಾರವನ್ನು ಮುಚ್ಚಿಡಬಾರದು, ಗೂಡನ್ನು ಬಿಚ್ಚಿಡಬಾರದು. ಎರಡಕ್ಕೂ ಅಳತೆಗೋಲು ಒಂದೇ: ಈ ಚಿತ್ರದಿಂದ ಆ ಜೀವಕ್ಕೆ ಏನಾಗುತ್ತದೆ?

ಮಾರನೆಯ ದಿನ ಗೊರವಂಕ ಮತ್ತೆ ಬಂತು, ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ. ಬಟ್ಟೆ ಹಿಡಿದು ಬಳಿಸಾರಿದೆ, ಹಾರಿಹೋಯಿತು. ಇನ್ನೂ ಎರಡು ದಿನ ಬಂದು, ಆಮೇಲೆ ಬರಲಿಲ್ಲ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಹಕ್ಕಿಗಳಿಗೆಂದೇ ಆಸ್ಪತ್ರೆಯಿದೆ. ನನ್ನ ಹಿತ್ತಲಿನ ಹಕ್ಕಿಗೆ ಅಂಥ ಭಾಗ್ಯವಿರಲಿಲ್ಲ. ಅದು ಏನಾಯಿತೋ ನಾನರಿಯೆ.

ವ್ರತಿಯಾದವನಲ್ಲಿ ಶಲ್ಯವಿರಬಾರದು. ಮಾಯೆ, ಮಿಥ್ಯಾತ್ವ, ನಿದಾನವೆಂಬ ಮೂರು ಶಲ್ಯಗಳಲ್ಲಿ ಮೊದಲನೆಯದು ಕಪಟ. ಒಳಗೆ ಮುರಿದುಳಿದ ಮುಳ್ಳಿನಂತೆ ಅದು ನೋಯುತ್ತಲೇ ಇರುತ್ತದೆ. ಉತ್ತಮ ಆರ್ಜವದ ದಿನ ಪ್ರತಿಕ್ರಮಣಕ್ಕೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ಎದ್ದು ಬಂದು ಮೂಲ ಚಿತ್ರವನ್ನು ಅದೇ ಬಂಧುಗಳಿಗೆ ಕಳಿಸಿದೆ. ‘ಹಿಂದಿನ ಚಿತ್ರದಲ್ಲಿ ಈ ದಾರವನ್ನು ನಾನು ಅಳಿಸಿದ್ದೆ. ದಾರ ನಮ್ಮ ಮನೆಯದು. ಕ್ಷಮೆಯಿರಲಿ’ ಎಂದು ಬರೆದೆ. ಹಬ್ಬದ ದಿನ ಇಂಥ ಚಿತ್ರವೇಕೆ ಎಂದು ಕೆಲವರು ಬೇಸರಿಸಿದರು. ಹೊಸದುರ್ಗದ ಬಂಧುವೊಬ್ಬರು ಏನೂ ಬರೆಯಲಿಲ್ಲ. ಎರಡು ದಿನ ಬಿಟ್ಟು, ತಮ್ಮ ತೋಟದ ಬೇಲಿಯಿಂದ ಬಿಡಿಸಿ ತಂದ ನೈಲಾನ್ ದಾರದ ಒಂದು ಮುದ್ದೆಯ ಚಿತ್ರ ಕಳಿಸಿದರು. ಆ ವರ್ಷ ನನಗೆ ಬಂದ ಚಿತ್ರಗಳಲ್ಲಿ ಅದೇ ಚೆಲುವಾದದ್ದು.

ಈಗ ನಮ್ಮ ಚಪ್ಪರಕ್ಕೆ ತೆಂಗಿನ ನಾರಿನ ಹುರಿ. ಬೋಗುಣಿಯ ನೀರನ್ನು ದಿನವೂ ಬದಲಿಸುತ್ತೇವೆ, ಅದರಲ್ಲಿ ಸೊಳ್ಳೆಯ ಮರಿ ಹುಟ್ಟಿ ಮತ್ತೊಂದು ಹಿಂಸೆಗೆ ದಾರಿಯಾಗದಿರಲೆಂದು. ಆಕಾಶದ ಬಿಂಬ ನೋಡಿ ಹಕ್ಕಿಗಳು ಗಾಜಿಗೆ ಬಡಿಯದಂತೆ ಹೊರಮೈಗೆ ಒತ್ತೊತ್ತಾಗಿ ಬಿಳಿಯ ಪಟ್ಟಿಗಳನ್ನು ಅಂಟಿಸಿದ್ದೇನೆ. ಅವು ನನ್ನ ಚಿತ್ರಗಳಲ್ಲಿ ಮಸುಕಾಗಿ ಮೂಡುತ್ತವೆ. ಅಳಿಸುವುದಿಲ್ಲ.